ಒಡಲು ತುಂಬಿದರೆ ಬೀಗದ ಕೈ

ನವೆಂಬರ್ ೧೨, ೧೮೭೩
ಇವತ್ತು ಗಿರಣಿಯವರ ಮನೆಯಲ್ಲಿ ಹೊಲಿಗೆ. ನಾಲ್ಕು ಅಂಗಿ, ಕೂಸಿಗೊಂದು ಕುಲಾವಿ. ಕುಲಾವಿ ಹೊಲಿಯುವಾಗ ಸೂಜಿ ಎಲ್ಲಿಗೋ ಹೋಯಿತು, ನಾನು ಎಲ್ಲಿಗೋ. ಕಿಟಕಿಯಾಚೆ ಮಂಜು... ಹೊಲ ಇಲ್ಲ, ಬೇಲಿ ಇಲ್ಲ, ನನ್ನ ಮೂವತ್ತನಾಲ್ಕು ವರ್ಷವೂ ಇಲ್ಲ.

ಗಿರಣಿಯಮ್ಮ ತಿವಿದಳು: “ಏನೇ ಅಫ್ರಾ, ಕೂತಲ್ಲೇ ಮದುವೆ ಆಗೋಯ್ತಾ?”

ಎಲ್ಲಿಯ ಮದುವೆ! ಹನ್ನೊಂದು ವರ್ಷದಿಂದ ನಾನು ಮೆಚ್ಚಿದ ಕ್ವಿರಿನ್ ತನ್ನ ಅಪ್ಪನ ಮುಖ ನೋಡುತ್ತಾನೆ, ನಾನು ಕ್ವಿರಿನ್ ಮುಖ. ಮುದುಕ ಹೊಲಮನೆ ಮಗನ ಹೆಸರಿಗೆ ಬರೆದು ಹಿತ್ತಲಿನ ಚಿಕ್ಕ ಮನೆಗೆ ಸರಿಯಬೇಕು. ಅಲ್ಲಿವರೆಗೆ ಲಗ್ನವಿಲ್ಲ. ಬವೇರಿಯಾದ ಹೆಣ್ಣುಗಳ ಅರ್ಧ ಆಯಸ್ಸು ಕಾಯುವುದಕ್ಕೇ ಸರಿ.

ನವೆಂಬರ್ ೩೦, ಭಾನುವಾರ
ಚರ್ಚಿನಿಂದ ಬರುವಾಗ ಕ್ವಿರಿನ್‌ನ ಅಪ್ಪ ಏಗಿಡ್ ನನ್ನನ್ನು ನಿಲ್ಲಿಸಿದ. “ಒಣ ಮರಕ್ಕೆ ಹೊಲ ಬರ್ಕೊಡೋನಲ್ಲ ನಾನು. ಮೊದ್ಲು ಒಡಲು ತುಂಬ್ಲಿ, ಆಮೇಲೆ ಬೀಗದ ಕೈ.”

ನಮ್ಮೂರಲ್ಲಿ ಇದು ಹೊಸದಲ್ಲ. ಅರ್ಧದಷ್ಟು ಮದುವಣಗಿತ್ತಿಯರು ಬಸುರಿಯರೇ. ಅಂಥವರ ತಲೆಗೆ ಹೂಮುಕುಟ ಇಡಲು ಪಾದ್ರಿ ಬಿಡುವುದಿಲ್ಲ, ಅಷ್ಟೇ.

ಮುಟ್ಟು ನಿಂತು ಮೂರು ವಾರ. ಹೇಳಲಿಲ್ಲ. ದಾರಿಯುದ್ದಕ್ಕೂ ನಗು.

ಡಿಸೆಂಬರ್ ೨೬
ಹೇಳಿದೆವು. ಮುದುಕ ಟೋಪಿ ತೆಗೆದ. ಫೆಬ್ರವರಿ ಐದಕ್ಕೆ ಹೊಲದ ಪತ್ರಕ್ಕೆ ರುಜು. ಮನೆ ಬಿಟ್ಟುಕೊಟ್ಟ ಮೇಲೆ ತನಗೇನೇನು ಬೇಕೆಂದು ಬೆರಳು ಮಡಿಸಿದ — ಒಲೆ ಪಕ್ಕದ ಜಾಗ, ದಿನಾ ಒಂದು ಚೊಂಬು ಹಾಲು, ವಾರಕ್ಕೆ ಆರು ಮೊಟ್ಟೆ. ಹತ್ತು ಕೊಡುತ್ತೇನೆ! ಹಿಮ ಬೀಳುತ್ತಿದೆ, ಸದ್ದೇ ಇಲ್ಲದೆ. ಹೆಣ್ಣು ಎಂದು ಯಾಕೋ ಅನ್ನಿಸುತ್ತಿದೆ. ಕನಸಲ್ಲಿ ಬಂದು ಸೂಜಿಗೆ ದಾರ ಪೋಣಿಸಿಕೊಟ್ಟಳು.

ಜನವರಿ ೨೯, ೧೮೭೪
ಹೋಯಿತು. ಮಂಗಳವಾರ ಮಧ್ಯಾಹ್ನ. ಸೂಲಗಿತ್ತಿ ಬಟ್ಟೆಯಲ್ಲಿ ಸುತ್ತಿ ಒಯ್ದಳು. ಎಷ್ಟು ಚಿಕ್ಕ ಗಂಟು...

ಕ್ವಿರಿನ್ ಬಂದ. ಬಾಗಿಲಲ್ಲೇ ನಿಂತ.

“ಅಪ್ಪಂಗೆ ಗೊತ್ತಾಯ್ತಾ?”

“ಇಲ್ಲ.”

“ಸದ್ಯ! ರುಜು ಆಗೋವರ್ಗೂ ಬಾಯ್ಬಿಡ್ಬೇಡ. ದಪ್ಪ ಲಂಗ ಉಟ್ಕೋ.”

ಹೇಗಿದ್ದೀಯ ಎಂದು ಕೇಳಲಿಲ್ಲ. ಮಗು ಹೋದ ನೋವಿನ ಮೇಲೆ ಇದೊಂದು. ಅವನು ಹೋದ ಮೇಲೆ ಅತ್ತುಬಿಟ್ಟೆ.

ಫೆಬ್ರವರಿ ೪, ಬೆಳಗ್ಗೆ ಹತ್ತು
ನಾನೇ ಹೋದೆ. ಕೊಟ್ಟಿಗೆಯಲ್ಲಿ ಮುದುಕ ಒಬ್ಬನೇ ಇದ್ದ.

“ಯಜಮಾನ್ರೇ, ಮಗು ಉಳೀಲಿಲ್ಲ. ನಾಳೆ ರುಜು ಹಾಕ್ಬೇಡಿ.”

ಹಸುವಿನ ಬೆನ್ನ ಮೇಲೆ ಕೈಯಿಟ್ಟ. “ಕ್ವಿರಿನ್‌ಗೆ ಮುಂಚೆ ನನ್ನವಳಿಗೂ ಎರಡು ಹೋದ್ವು. ಒಂದು ಒಳ್ಳೆ ಮಾತಾಡ್ಲಿಲ್ಲ ನಾನು.” ಆಮೇಲೆ, “ಅವನಿಗೆ ಗೊತ್ತಾ?”

“ಗೊತ್ತು. ನಿಮ್ಗೆ ಹೇಳ್ಬೇಡ ಅಂದ.”

ತೋಳಿನಲ್ಲಿ ಕಣ್ಣೊರೆಸಿಕೊಂಡ. “ನಾಳೆ ರುಜು ಹಾಕೇ ಹಾಕ್ತೀನಿ. ಹೊಲ ಅವನದು. ನೀನು ಹೇಳು ಮಗಳೇ... ನಿನಗೆ ಅವನು ಬೇಕಾ?”

ಹನ್ನೊಂದು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ. ಬಾಯಿ ತೆರೆದೆ. “ಬೇಡ,” ಅಂದೆ.