ತಮ್ಮನ ಹರಾಜು

ಅಲಬಾಮಾ, 8 ಫೆಬ್ರವರಿ 1868

ಕೇಳಿರಯ್ಯಾ ಮಹಾಜನರೇ! ಇಂದು ದನದ ಸಂತೆಯ ಹರಾಜುಕಟ್ಟೆಗೆ ನನ್ನ ತಮ್ಮ ಏಸಾನನ್ನೇ ಎಳೆದು ನಿಲ್ಲಿಸಿದೆ. ಬಿಳಿಯನಾಗಿ ಹುಟ್ಟಿಯೂ ಬಿಡುಗಡೆಯಾದ ಗುಲಾಮರ ಸಾಲಿನಲ್ಲಿ ನಿಂತು ಮತ ಹಾಕಿಬಂದ ದ್ರೋಹಿ! ನಾನೇ ಹರಾಜು ಕೂಗಿದೆ:

"ಸ್ಕ್ಯಾಲವ್ಯಾಗ್ ಬಂದೈತೆ ನೋಡ್ರಪ್ಪೋ! ಯಾರೂ ಕೊಳ್ಳದ ಬಡಕಲು ದನಕ್ಕೆ ಹಳೇ ವ್ಯಾಪಾರಿಗಳು ಇಟ್ಟ ಹೆಸರು. ಈಗ ಇಂಥ ಮನೆಮುರುಕರಿಗೂ ಅದೇ. ಯಾರಿಗೆ ಬೇಕು?"

ಸಂತೆಯೆಲ್ಲ ನಕ್ಕಿತು.

ಹಿಂದಿನಿಂದ ಐಸಮ್, ಆ ಬಿಡುಗಡೆಯಾದ ಗುಲಾಮರಲ್ಲೊಬ್ಬ, ಕೈ ಎತ್ತಿದ. "ಒಂದು ಡಾಲರ್, ಧಣಿ. ನಂಗೆ ಬೇಕು."

ಹತ್ತು ವರ್ಷದ ಹಿಂದೆ ಇದೇ ಕಟ್ಟೆಯ ಮೇಲೆ ಅವನನ್ನು ಮಾರಿದವನು ನಾನೇ. ಅಭ್ಯಾಸಬಲ, ನನ್ನ ಸುತ್ತಿಗೆ ಬಿದ್ದೇಬಿಟ್ಟಿತು.

"ನಡಿ ಏಸಣ್ಣ, ಊಟದ ಹೊತ್ತಾಯ್ತು," ಎಂದು ಐಸಮ್ ಅವನನ್ನು ಕರೆದೊಯ್ದ. ಈ ಸಲ ಸಂತೆ ನಕ್ಕಿದ್ದು ನನ್ನನ್ನು ನೋಡಿ.

ಇರಲಿ. ಮಾರಿದ ದನಕ್ಕೆ ಬರೆಮುದ್ರೆ ಒತ್ತಿಯೇ ಕೊಡುವುದು ನಮ್ಮ ಕಟ್ಟೆಯ ಪದ್ಧತಿ. ನಾಳೆ ಬೆಳಗಾಗುತ್ತಲೇ ಬರೆಯ ಕಬ್ಬಿಣ ಹಿಡಿದು ಐಸಮ್‌ನ ಮನೆಗೆ ಹೋಗುತ್ತೇನೆ. ಕಾಸಲು ಅವನ ಒಲೆಯೇ ಸಾಕು.