ಚೌಕದಲ್ಲಿ ಸಿಕ್ಕಿಕೊಂಡ ಬೆಥಿಯಾ

ಪೋರ್ಟ್‌ಲೋಗಿ
ಮಂಗಳವಾರ, ಮೇ 14

ಪ್ರೀತಿಯ ಎಲ್ಸಿ,

ಅಪ್ಪನ ಬೋಟು ಬೆಥಿಯಾ ಇನ್ನೂ ಎಡಿನ್‌ಬರೋ ತಲುಪಿಲ್ಲ. ಪೋರ್ಟ್‌ಲೋಗಿಯನ್ನೇ ದಾಟಿಲ್ಲ. ನಮ್ಮ ಚೌಕದಲ್ಲಿ, ಚರ್ಚಿನ ಸಭಾಭವನದ ಸೂರಿಗೂ ಮೀನಂಗಡಿಯ ಮಹಡಿಗೂ ನಡುವೆ ಮೂತಿ ಸಿಕ್ಕಿಸಿಕೊಂಡು, ಲಾರಿಯ ಮೇಲೇ ಶುಕ್ರವಾರದಿಂದ ಹಾಗೇ ನಿಂತಿದೆ. ಈ ಸುದ್ದಿಯನ್ನು ಮನೆಗೆ ತಂದವನು ಅಪ್ಪನ ಹಳೆಯ ಜೊತೆಗಾರ ವಾಟಿ ಬೋ. ತಂದದ್ದೂ ಹೇಗೆ ಗೊತ್ತೇ? "ಒಂಚೂರು ತಡ ಆಗ್ಬಹುದು ನೆಟ್ಟಾ" ಅಂತ. ನಾನು ಹೋಗಿ ನೋಡಿದಾಗ ಇಡೀ ಊರು ಕೈಕಟ್ಟಿ ನಿಂತು ಮೇಲೆ ನೋಡುತ್ತಿತ್ತು.

ನೀನು ಹೇಗಿದ್ದೀಯೆ? ಉನ್ಸ್ಟ್ ದ್ವೀಪದ ಗಾಳಿಗೆ ಆ ಹಳೆಯ ಕೆಮ್ಮು ಮರುಕಳಿಸಿಲ್ಲ ತಾನೆ? ಉಣ್ಣೆಯ ಒಳಅಂಗಿ ಬೇಡವೆಂದು ಮಂಚದ ಮೇಲೇ ಬಿಟ್ಟು ಹೋಗಿದ್ದೆಯಲ್ಲ, ಅದನ್ನೂ ಈ ಕಾಗದದ ಜೊತೆ ಕಟ್ಟಿದ್ದೇನೆ. ಅಮ್ಮ ಗಟ್ಟಿಯಾಗಿದ್ದಾಳೆ. ಮೊಣಕಾಲು ಮಾತ್ರ ಮೋಡ ಬಂದಾಗ ಅವಳ ಮಾತು ಕೇಳುವುದಿಲ್ಲ. ನಾನು ಆರೋಗ್ಯವಾಗಿದ್ದೇನೆ, ಸಮಾಧಾನವಾಗಿಲ್ಲ. ನಿನ್ನ ಮೊಬೈಲು ಬಂದ್. ನೀನು ಚಿತ್ರ ಅಚ್ಚುಹಾಕಲು ಹೋಗಿರುವ ಅಲ್ಲಿನ ಮುದ್ರಣಾಲಯಕ್ಕೆ ಫೋನು ಮಾಡಿದರೆ ಒಬ್ಬ ಮಹಾರಾಯಿತಿ ಪ್ರತಿ ಸಲವೂ "ಎಲ್ಸ್‌ಪೆತ್ ಕೆಲಸದಲ್ಲಿದ್ದಾರೆ, ಏಕಾಂತ ಬೇಕಂತೆ, ಹೊತ್ತು ನೋಡಿ ಹೇಳ್ತೀನಿ" ಎನ್ನುತ್ತಾಳೆ. ಅವಳಿಗೆ ಆ ಹೊತ್ತು ಇನ್ನೂ ಸಿಕ್ಕಿಲ್ಲ. ಅದಕ್ಕೇ ಈ ಕಾಗದ. ಇವತ್ತು ರಾತ್ರಿ ನಿನ್ನ ಕಡೆಯ ಲರ್ವಿಕ್ ಬಂದರಿಗೆ ಹೊರಡುವ ದೋಣಿಯಲ್ಲಿ ಕೊಟ್ಟು ಕಳಿಸುತ್ತಿದ್ದೇನೆ. ನಿನ್ನ ಕೈಗೇ ಕೊಡುವಂತೆ ಹೇಳಿದ್ದೇನೆ, ಆ ಮಹಾರಾಯಿತಿಯ ಕೈಗಲ್ಲ.

ಆದದ್ದನ್ನು ಆದ ಹಾಗೆ ಹೇಳುತ್ತೇನೆ. ಅಪ್ಪ ಹೋದ ಮೇಲೆ ನೀರಿಗಿಳಿಯದೆ ಬಂದರಿನ ಇಳಿಜಾರಿನಲ್ಲೇ ಒಣಗುತ್ತಿದ್ದ ಬೋಟನ್ನು ಶುಕ್ರವಾರ ಬೆಳಿಗ್ಗೆ ಲಾರಿಗೆ ಏರಿಸಿದರು. ಏರಿಸಿದ್ದು ಸುಲಲಿತವಾಗಿಯೇ ಆಯಿತು. ಲಾರಿ ಚೌಕಕ್ಕೆ ಬಂದು ಎಡಕ್ಕೆ ತಿರುಗಿದ್ದರೆ ನೇರ ಹೆದ್ದಾರಿ, ಸಂಜೆಯ ಹೊತ್ತಿಗೆ ಎಡಿನ್‌ಬರೋದಲ್ಲಿ ನಿನ್ನ ಪ್ರದರ್ಶನದ ಗ್ಯಾಲರಿ. ಆದರೆ ವಾಟಿ ಬೋ ಲಾರಿಯ ಮುಂದೆ ಎರಡು ಕೈ ಚಾಚಿ ನಿಂತುಬಿಟ್ಟ. ಬಂದರು ಬಿಡುವ ಬೋಟು ಸೂರ್ಯ ಹೋಗುವ ದಿಕ್ಕಿಗೆ, ಬಲಕ್ಕೆ ಸುತ್ತಿಯೇ ಹೊರಡಬೇಕು ಎಂಬುದು ಅವನ ವಾದ. ನೀರಿನ ಮೇಲಾದರೇನು, ಲಾರಿಯ ಮೇಲಾದರೇನು? "ಮೂವತ್ತು ವರ್ಷ ಇವಳನ್ನ ಎಡಕ್ಕೆ ತಿರುಗ್ಸಿಲ್ಲ ಕಣಪ್ಪ. ಇವತ್ತು ಚಿತ್ರಪ್ರದರ್ಶನಕ್ಕೆ ಹೊರಟ್ಳು ಅಂತ ತಿರುಗಿಸ್ಲಾ?" ಅಂದನಂತೆ. ಹಿಂದೆ ನಿಂತಿದ್ದ ಗಂಡಸರೆಲ್ಲ ಹೌದು ಹೌದು ಎಂದರು. ಚಾಲಕ ಡೆಸಿ ಕೋಟ್‌ಬ್ರಿಜ್‌ನವನು, ಸಮುದ್ರ ಕಂಡವನಲ್ಲ. ಮುದುಕರ ಜೊತೆ ಜಗಳ ಯಾಕೆಂದು ಚೌಕದ ಯುದ್ಧಸ್ಮಾರಕವನ್ನು ಒಂದು ಬಲಸುತ್ತು ಹಾಕಲು ಒಪ್ಪಿದ. ವಾಟಿಯೇ ಲಾರಿಯ ಮುಂದೆ ಹಿಂದಕ್ಕೆ ಹಿಂದಕ್ಕೆ ನಡೆಯುತ್ತಾ "ಬಾ, ಬಾ, ಇನ್ನೂ ಬಾ, ಜಾಗ ಬೇಕಾದಷ್ಟಿದೆ" ಎಂದು ಕೈಸನ್ನೆ ಮಾಡಿದ. ಮುಕ್ಕಾಲು ಸುತ್ತಾಯಿತು. ಅಲ್ಲಿ ಮೂತಿ ಸೂರಿನಡಿ ಹೊಕ್ಕಿತು, ಹಿಂದಿನ ಚಕ್ರ ಚರಂಡಿಯ ಮುಚ್ಚಳ ಒಡೆದುಕೊಂಡು ಕೆಳಗಿಳಿಯಿತು. ಮುಂದಕ್ಕಿಲ್ಲ, ಹಿಂದಕ್ಕಿಲ್ಲ. ವಾಟಿಯ ತೀರ್ಮಾನ ಏನು ಗೊತ್ತೇ? ಡೆಸಿ ಹಿಂದಿನ ಸಂಜೆ ಬೋಟಿನ ಮೇಲೆ ಕೂತು ಹಂದಿಮಾಂಸದ ಬನ್ನು ತಿಂದಿದ್ದೇ ಇದಕ್ಕೆಲ್ಲ ಕಾರಣ. ನಮ್ಮ ಮೀನುಗಾರರಿಗೆ ಅಪಶಕುನವಾದ ಆ ಪ್ರಾಣಿಯ ಹೆಸರನ್ನು ಡೆಸಿ ಬಾಯಿಬಿಟ್ಟು ಹೇಳಿದಾಗ, ದೋಷ ಕಳೆಯಲು ನಾಲ್ಕು ಜನ ಒಟ್ಟಿಗೆ ಕಬ್ಬಿಣ ಮುಟ್ಟಲು ಲಾರಿಯ ಮೇಲೆ ಬಿದ್ದರು. "ಈ ಊರಲ್ಲಿ ಏನ್ ತಿನ್ಬೇಕು ಅಂತ ಒಂದು ಬೋರ್ಡ್ ಹಾಕ್ಬಾರ್ದಾ ಅಕ್ಕಾ?" ಎಂದು ಅವನು ನನ್ನನ್ನು ಕೇಳುತ್ತಾನೆ. ಅವನು ಈಗ ಮಲಗುವುದು ನಿನ್ನ ಕೋಣೆಯಲ್ಲಿ. ನಿನ್ನ ಪುಸ್ತಕಗಳನ್ನು ಮುಟ್ಟುವುದಿಲ್ಲ, ನನ್ನ ಓಟ್ಸ್ ಗಂಜಿಯನ್ನೂ ಮುಟ್ಟುವುದಿಲ್ಲ.

ಈಗ ಎಲ್ಲರೂ ಬರುವುದು ನನ್ನ ಹತ್ತಿರ. ಮೀನಂಗಡಿಯ ಬಾಗಿಲು ಅರ್ಧ ತೆರೆಯುತ್ತದೆ, ಅದಕ್ಕೆ ನಾನು ಉತ್ತರ ಕೊಡಬೇಕು. ಶನಿವಾರದ ಮದುವೆಯ ಹೆಣ್ಣು ಉದ್ದ ನಿಲುವಂಗಿ ಎತ್ತಿಕೊಂಡು ಲಾರಿಯ ಅಡಿಯಿಂದ ಬಗ್ಗಿ ಸಭಾಭವನಕ್ಕೆ ಹೋದಳು. ಅವಳ ತಾಯಿ ನೋಡಿದ್ದು ನನ್ನ ಮುಖವನ್ನೇ. ಗ್ಯಾಲರಿಯಿಂದ ಬಂದ ಕ್ಲೆಮೆನ್ಸಿ ಎಂಬ ಹುಡುಗಿ ವಾಟಿ ಮೇರ್ ಯಾರು ಎಂದು ಕೇಳಿ ಆರು ಬಾಗಿಲು ತಟ್ಟಿದಳು. ಆರೂ ಮನೆಯಲ್ಲಿ ಒಬ್ಬೊಬ್ಬ ವಾಟಿ ಮೇರ್ ಸಿಕ್ಕ. ಅಡ್ಡಹೆಸರು ಗೊತ್ತಿಲ್ಲದೆ ಈ ಊರಿಗೆ ಯಾರನ್ನೂ ಕಳಿಸಬೇಡ ಎಂದು ನಿನಗೆ ಹೇಳಿಕೊಡಬೇಕೇ? ಅಪ್ಪನ ಜೊತೆ ಬೋಟಿನಲ್ಲಿದ್ದ ವಾಟಿ ಬೋನನ್ನು ಕೇಳು ಎಂದು ಒಂದು ಮಾತು ಹೇಳಲು ನಿನಗೇನು ಕಷ್ಟವಿತ್ತು?

ಎಲ್ಸಿ, ನಿನ್ನ ಕೆಲಸವನ್ನು ನಾನು ಹಗುರವಾಗಿ ಕಂಡವಳಲ್ಲ. ನಿನ್ನ ಒಂದೊಂದು ಪ್ರದರ್ಶನದ ಸುದ್ದಿಯನ್ನೂ ನಮ್ಮ ವಾರಪತ್ರಿಕೆಗೆ ಬರೆದವಳು ನಾನು. ಮೀನು ಹಿಡಿಯುವುದನ್ನು ತಗ್ಗಿಸಲು ಸರ್ಕಾರ ಮರದ ಬೋಟುಗಳನ್ನು ಒಡೆಸುತ್ತಿದ್ದ ಬೇಸಿಗೆಗಳಲ್ಲಿ ನೀನು ಗ್ಲಾಸ್ಗೋದ ಕಲಾಶಾಲೆಯಿಂದ ಓಡಿಬಂದು, ಒಡೆಯುವ ಯಂತ್ರ ಮುಟ್ಟುವ ಮುಂಚೆ ಹಲಗೆಗಳ ಮೇಲೆ ಕಾಗದ ಹಿಡಿದು ಇದ್ದಿಲು ಉಜ್ಜಿದೆ. ಮೊಳೆಯ ತಲೆ, ಬಿರುಕು, ಹುಳು ಕೊರೆದ ತೂತು, ಎಲ್ಲ ಮೂಡಿತು. ಆ ಕಾಗದಗಳ ಮುಂದೆ ನಿಂತು ಅಪ್ಪ ಟೋಪಿ ತೆಗೆದದ್ದು ನನಗೆ ನೆನಪಿದೆ. ಆಮೇಲೆ ಹಳೆಯ ಹಾಯಿಬಟ್ಟೆಯನ್ನು ತೊಗಟೆಯ ನೀರಿನಲ್ಲಿ ಕುದಿಸಿ ಗೋಡೆಯಗಲ ನೇತುಹಾಕಿದೆ. ಆಮೇಲೆ ಖಾಲಿ ಬಲೆಮನೆಯ ಬಾಗಿಲು ಗಾಳಿಗೆ ಬಡಿದುಕೊಳ್ಳುವ ಚಲನಚಿತ್ರ. ಅದಕ್ಕೆ ಬಹುಮಾನ ಬಂತು, ಲಂಡನ್ನಿಗೆ ಹೋಯಿತು, ಇಲ್ಲದಿರುವುದನ್ನು ಕಾಣಿಸುವ ಕಲಾವಿದೆ ಎಂದು ನಿನ್ನನ್ನು ಕರೆದರು. ನಾನೂ ಅದನ್ನೇ ತಲೆಬರಹ ಮಾಡಿದೆ. ಅಬರ್ಡೀನಿನಲ್ಲಿ ಆ ಚಿತ್ರವನ್ನು ಕೊನೆಯತನಕ ನೋಡಿ ಎದ್ದ ಅಮ್ಮ ಕೇಳಿದ್ದು ಒಂದೇ: "ಅಷ್ಟು ಹೊತ್ತು ಬಡ್ಕೊಂತಲ್ಲೇ, ಬಾಗಿಲು ಹಾಕೋಕೆ ಒಬ್ಬರೂ ಇರ್ಲಿಲ್ವಾ?" ನಾವು ನಕ್ಕೆವು. ನೀನು ಎಲ್ಲರಿಗೂ ಹೇಳಿ ನಗಿಸಿದೆ. ಈಚೆಗೆ ನನಗೆ ಅದು ನಗುವ ಮಾತೆನಿಸುತ್ತಿಲ್ಲ. ಇಪ್ಪತ್ತೈದು ವರ್ಷದ ನಿನ್ನ ಕೆಲಸದಲ್ಲಿ ಈ ಊರಿನ ಒಬ್ಬ ಮನುಷ್ಯನೂ ಇಲ್ಲ. ಬಲೆ ಇದೆ, ಬಲೆ ಹೆಣೆದ ಕೈ ಇಲ್ಲ. ನಾವು ಸತ್ತು ಬಹಳ ದಿನವಾಯಿತೆಂದು ಪೇಟೆಯ ಜನ ನಂಬಿದ್ದಾರೆ. ಕ್ಲೆಮೆನ್ಸಿಗೆ ಮೊದಲ ದಿನ ಚೌಕದಲ್ಲಿ ಅಷ್ಟೊಂದು ಜನರನ್ನು ಕಂಡು ಆಶ್ಚರ್ಯವಾಯಿತಂತೆ. "ಇಷ್ಟು ಜನ ಇನ್ನೂ ಇಲ್ಲೇ ಇದ್ದೀರಾ?" ಎಂದು ಕೇಳಿದಳು. "ಇಲ್ಲಮ್ಮ, ನೋಡೋಕೆ ಹಾಗ್ ಕಾಣ್ತೀವಿ" ಎಂದ ವಾಟಿ.

ಇನ್ನು ಬಣ್ಣದ ವಿಷಯ. ಕುಳಿತು ಓದು. ಬೋಟು ಇಳಿಜಾರಿನ ಮೂಲೆಯಲ್ಲಿದ್ದಾಗ ಅದರ ಸ್ಥಿತಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಚೌಕದ ನಡುವೆ ನಿಂತಾಗ ಬಿತ್ತು. ನಮ್ಮವರು ಒಂದು ದಿನ ತಡೆದುಕೊಂಡರು, ಎರಡನೆಯ ದಿನ ಆಗಲಿಲ್ಲ. ಮೀನಿನ ಸುಗ್ಗಿಗೆ ಹೊರಡುವ ಮುಂಚೆ ಬಣ್ಣ ಬಳಿಯದೆ ಯಾವ ಬೋಟೂ ಈ ಬಂದರು ಬಿಟ್ಟಿಲ್ಲ ಎಂದು ಶನಿವಾರ ಬೆಳಿಗ್ಗೆ ಕೆರೆಯುವ ತಗಡು, ಡಬ್ಬಿ, ಏಣಿ ಹಿಡಿದು ಬಂದರು. ಯಾರೂ ಯಾರನ್ನೂ ಕರೆದಿರಲಿಲ್ಲ. ಭಾನುವಾರ ಕುಂಚ ಮುಟ್ಟಲಿಲ್ಲ, ಆ ಮಟ್ಟಿಗೆ ದೇವರು ನಿನ್ನ ಕಡೆ. ಸೋಮವಾರ ಮತ್ತೆ ಶುರು. ಕ್ಲೆಮೆನ್ಸಿ ಓಡಿಬಂದು, ಆ ಎದ್ದು ನಿಂತ ಬಣ್ಣದ ಚಕ್ಕೆಗಳೇ ಕೃತಿ, ಅದನ್ನು ಮುಟ್ಟಬಾರದು ಎಂದು ಕೂಗಿಕೊಂಡಳು. ವಾಟಿ ಬಹಳ ಮರ್ಯಾದೆಯಿಂದ ಒಂದು ಬಕೆಟ್ ತಂದು ಅವಳ ಮುಂದಿಟ್ಟ. "ಚಕ್ಕೆ ಒಂದೂ ಎಸೆದಿಲ್ಲ ತಾಯಿ, ಎಲ್ಲಾ ಇದರಲ್ಲೇ ಇದೆ, ತಗೊಂಡ್ಹೋಗಿ." ಅವಳು ಚರ್ಚಿನ ಮೆಟ್ಟಿಲ ಮೇಲೆ ಕೂತು ಅತ್ತಳು. ಡೆಸಿ ಅವಳಿಗೆ ಚಹಾ ತಂದುಕೊಟ್ಟ. ಎಡಮಗ್ಗುಲು ಈಗ ಅಪ್ಪನ ಕಾಲದ ಹಾಗೆ ಕಪ್ಪು, ಮೇಲಂಚಿಗೆ ನೀಲಿ. ಸುಳ್ಳು ಹೇಳಲಾರೆ, ಚೆನ್ನಾಗಿದೆ. ಬಲಮಗ್ಗುಲನ್ನು ಉಳಿಸಿದವಳು ನಾನು. ಕುರ್ಚಿ ಹಾಕಿಕೊಂಡು ಅದರ ಮುಂದೆ ಕೂತಿದ್ದೇನೆ. ಊರವರು ನನಗೆ 'ಗ್ಯಾಲರಿ ನೆಟ್ಟಾ' ಎಂದು ಹೊಸ ಅಡ್ಡಹೆಸರು ಇಟ್ಟಿದ್ದಾರೆ. ಅರವತ್ತೊಂದನೆಯ ವಯಸ್ಸಿನಲ್ಲಿ ಇದು ಬೇಕಿತ್ತೇ?

ನಿನ್ನ ಮೇಲೆ ನನಗೆ ನಿಜವಾದ ಸಿಟ್ಟು ಬಂದದ್ದು ಇದಕ್ಕಲ್ಲ. ನಿನ್ನೆ ಮಧ್ಯಾಹ್ನ ಕ್ಲೆಮೆನ್ಸಿ ಮನೆಗೆ ಬಂದಳು. ಅಮ್ಮ ಹೊಗೆಮೀನಿನ ಸಾರು ಬಡಿಸಿದಳು. ಆ ಹುಡುಗಿ ಒಳ್ಳೆಯ ಮನಸ್ಸಿನಿಂದಲೇ ಪ್ರದರ್ಶನ ಹೇಗಿರುತ್ತದೆಂದು ಫೋನಿನಲ್ಲಿ ಚಿತ್ರ ತೋರಿಸಿದಳು. ದೊಡ್ಡ ಬಿಳಿ ಕೋಣೆ, ನಡುವೆ ಬೋಟು, ಹಿಂಬದಿಯ ಹಲಗೆಯ ಮೇಲೆ ಮಾತ್ರ ಒಂದು ದೀಪ. ದೀಪದ ಕೆಳಗೆ ಅರೆಬರೆ ಅಳಿಸಿಹೋದ ಹೆಸರು. ಕೋಣೆಯ ಗೋಡೆಯ ಮೇಲೆ 'ಅಳಿದ ಹೆಸರು' ಎಂದು ನಿನ್ನ ಶೀರ್ಷಿಕೆ. ಅಮ್ಮ ಕನ್ನಡಕ ಹಾಕಿಕೊಂಡು ನೋಡಿದಳು, ತೆಗೆದು ಒರೆಸಿ ಮತ್ತೆ ನೋಡಿದಳು. "ಇದು ನನ್ನ ಹೆಸರಲ್ವೇನೇ ನೆಟ್ಟಾ?" ಎಂದಳು. ಹೌದಮ್ಮ, ಮದುವೆಯಾದ ವರ್ಷ ಅಪ್ಪ ಬೆಥಿಯಾ ಎಂದು ನಿನ್ನ ಹೆಸರಿಟ್ಟು ನೀರಿಗಿಳಿಸಿದ ಬೋಟಲ್ಲವೇ ಎಂದೆ. "ಅದು ಗೊತ್ತು. ಅಳಿದಿದ್ದು ಯಾವಾಗ?" ಎಂದಳು. ಕ್ಲೆಮೆನ್ಸಿ ಚಮಚ ಕೆಳಗಿಟ್ಟಳು. ನೀನು ಬೋಟು ಕೇಳಿದಾಗ ಅಮ್ಮ ಯಾಕೆಂದೂ ಕೇಳದೆ ಆಗಲಿ ಎಂದಳು. ನಿನ್ನ ಶೀರ್ಷಿಕೆಯನ್ನು ಎಡಿನ್‌ಬರೋಗೆ ಹೇಳಿದೆ, ಅವಳಿಗೆ ಹೇಳಲಿಲ್ಲ. ಅವಳು ಬದುಕಿದ್ದಾಳೆ, ಸಾರು ಬಡಿಸುತ್ತಿದ್ದಾಳೆ. ಇದು ನಿನಗೆ ಹೊಳೆಯಲೇ ಇಲ್ಲವೇ?

ಕ್ಲೆಮೆನ್ಸಿ ಹೇಳುವುದು ಇಷ್ಟು: ಹೆಸರಿನ ಹಲಗೆ ಇದ್ದಂತೆಯೇ ಇದ್ದರೆ ಬಾಕಿ ಬಣ್ಣವನ್ನು ಹೇಗೋ ಒಪ್ಪಿಸಬಹುದು. ಹೆಸರಿನ ಮೇಲೂ ಬಣ್ಣ ಬಿದ್ದರೆ, ಆದರೂ ಬೋಟು ಬರಲಿ ಎಂದು ನೀನೇ ಬಾಯಿಬಿಟ್ಟು ಹೇಳಬೇಕು, ಇಲ್ಲವಾದರೆ ಬೋಟು ಬರುವುದು ಬೇಡ, ಕೋಣೆ ಖಾಲಿಯೇ ತೆರೆಯುತ್ತದೆ. ನಿನಗೆ ಅದೂ ಒಂದು ಕೃತಿಯಾದೀತು. ಆದರೆ ಈ ಊರಿಗೆ ಮತ್ತೆ ಮುಖ ತೋರಿಸುವುದು ನಿನಗೆ ಕಷ್ಟವಾಗುತ್ತದೆ, ಮತ್ತು ಇದು ನಿನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಪ್ರದರ್ಶನ ಎಂದು ನನಗೂ ಗೊತ್ತು. ಊರು, ಪ್ರದರ್ಶನ ಎರಡೂ ಕೆಡುವುದು ನನಗೆ ಬೇಡ. ಅದಕ್ಕೇ ಇಷ್ಟು ಕೋಪದಿಂದ ಬರೆಯುತ್ತಿದ್ದೇನೆ.

ವಾಟಿ ಬೋ ನಿನ್ನನ್ನು ವಿಚಾರಿಸಿದ. ತಪ್ಪು ತನ್ನದಲ್ಲ, ಆ ಬನ್ನಿನದು ಎಂದು ನಿನಗೆ ಸ್ಪಷ್ಟವಾಗಿ ತಿಳಿಸಬೇಕಂತೆ. ಡೆಸಿಯ ನಮಸ್ಕಾರ. ಒಳಅಂಗಿ ಹಾಕಿಕೋ. ಬೈದದ್ದನ್ನೆಲ್ಲ ಮನಸ್ಸಿನಲ್ಲಿಟ್ಟುಕೋ, ಆದರೆ ಊಟ ಬಿಡಬೇಡ.

ನಿನ್ನ ಅಕ್ಕ,
ನೆಟ್ಟಾ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ವಾಟಿ ಬಂದು ಕರೆದ. ಹೋಗಿ ನೋಡಿದರೆ ಅಮ್ಮ ಬೋಟಿನ ಹಿಂದೆ ಏಣಿಯ ಮೇಲಿದ್ದಳು, ಕೈಯಲ್ಲಿ ಬಿಳಿ ಬಣ್ಣದ ಡಬ್ಬಿ. ಇಳಿ ಎನ್ನಬೇಕೆಂದೇ ಹೋದೆ, ಏಣಿ ಹಿಡಿದುಕೊಂಡು ನಿಂತೆ. ಹೆಸರಿನ ಅರ್ಧದವರೆಗೆ ಬರೆದಳು. ಅಕ್ಷರಗಳು ಸ್ವಲ್ಪ ಸೊಟ್ಟ, ಆದರೆ ಚೌಕದ ಆ ತುದಿಯಿಂದಲೂ ಓದಬಹುದು. ಆಮೇಲೆ ಇಳಿದು ಕುಂಚ ತೊಳೆದು ನನ್ನ ಕೈಗೆ ಕೊಟ್ಟಳು. "ಉಳಿದಿದ್ದು ಎಲ್ಸಿ ಬಂದು ಬರೀಲಿ. ಬೇಡ ಅನ್ನಿಸಿದ್ರೆ ನಾನು ಬರೆದಿದ್ದನ್ನೂ ಅವಳೇ ಅಳಿಸ್ಲಿ, ನನ್ನ ಎದುರಿಗೆ" ಎಂದಳು. ವಾಟಿ ಏಣಿಯನ್ನು ಅಲ್ಲೇ ಬಿಟ್ಟಿದ್ದಾನೆ. ಲರ್ವಿಕ್‌ನಿಂದ ಗುರುವಾರ ಸಂಜೆಯ ಹಡಗು ಹಿಡಿದರೆ ಶುಕ್ರವಾರ ಬೆಳಿಗ್ಗೆ ಅಬರ್ಡೀನಿನಲ್ಲಿರುತ್ತೀಯೆ. ಬೋಟನ್ನು ಎತ್ತಿ ಬಿಡಿಸುವ ಕ್ರೇನು ಶುಕ್ರವಾರ ಮಧ್ಯಾಹ್ನ ಹನ್ನೆರಡಕ್ಕೆ ಬರುತ್ತದೆ.