ಅಮ್ಮ ಬಿಡದ ಬಟ್ಟೆಚೀಲ

ಅಕ್ಕಾ,
ಮುಂದಿನ ತಿಂಗಳು ನೀವೆಲ್ಲ ಹಡಗು ಹತ್ತುವ ಮೊದಲು ಇದೊಂದು ತಿಳಿದಿರಲಿ. ಪೆಟ್ಟಿಗೆಗಳನ್ನು ಕೂಲಿಯವರು ದಡದಲ್ಲೇ ತೆಗೆದುಕೊಳ್ಳುತ್ತಾರೆ. ಅವು ಕೋಣೆಗೆ ಬರುವುದು ಸಂಜೆಗೆ. ಅಮ್ಮ ಮಾತ್ರ ತನ್ನ ಬಟ್ಟೆಚೀಲವನ್ನು ಜಪ್ಪಯ್ಯ ಅಂದರೂ ಬಿಡಲಿಲ್ಲ. "ಎಲ್ಲರೂ ನೋಡ್ತಿದ್ದಾರೆ, ಮಾನ ಹೋಗ್ತಿದೆ, ಕೊಡಮ್ಮ" ಎಂದು ರೇಗಿದೆ. "ಮಾನ ಇರೋದೇ ಇದರಲ್ಲಿ ಕಣೇ" ಎಂದಳು.

ಸಮುದ್ರದ ಮೇಲೆ ಹಡಗು, ಹಡಗಿನ ಮೇಲೆ ಈಜುಕೊಳ! ಕೊಳದಲ್ಲೂ ಅಲೆ ಏಳುತ್ತದೆಯೇ ಎಂದು ಬಗ್ಗಿ ನೋಡಿದೆ. ಎದ್ದಿತು, ತೊಯ್ದು ತೊಪ್ಪೆಯಾದೆ. ಅಷ್ಟರಲ್ಲಿ ಅಪ್ಪನ ಬಿಪಿ ಮಾತ್ರೆಯ ಹೊತ್ತಾಯಿತು. ನಾನು ಅದನ್ನು ಪೆಟ್ಟಿಗೆಯ ತಳದಲ್ಲಿಟ್ಟಿದ್ದೆ. ಅಮ್ಮ ಅದೇ ಮಾತ್ರೆ ನಾಲ್ಕನ್ನು ತನ್ನ ಚೀಲದಲ್ಲಿ ಬೇರೆಯಾಗಿ ಎತ್ತಿಟ್ಟಿದ್ದಳು. ಭಾವನ ಮಾತ್ರೆಗಳನ್ನು ನೀನೂ ಕೈಚೀಲದಲ್ಲೇ ಇಟ್ಟುಕೋ. ನಮ್ಮ ಪೆಟ್ಟಿಗೆ ಇನ್ನೂ ಬಂದಿಲ್ಲ.

ಅಮ್ಮನ ಸೀರೆ ಉಟ್ಟು ಊಟಕ್ಕೆ ಹೊರಟಿರುವ
ನಿನ್ನ ತಂಗಿ